ಡೋಲು ಬಾರಿಸದಿರುವ ಹಕ್ಕು

ಕಳೆದ ವರ್ಷ ಉಡುಪಿಯ ಕಾಲೇಜೊಂದರ ಜಾನಪದ ಉತ್ಸವದಲ್ಲಿ ಕೊರಗ ಯುವಕರ ಡೋಲಿನ ತಂಡವಿತ್ತು. ನಿರೂಪಕರು ಅದನ್ನು ‘ಪ್ರತಿರೋಧದ ಕಲೆ’ ಎಂದು ಪರಿಚಯಿಸಿದರು. ಎಲ್ಲರಂತೆ ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಹೊರಗೆ ಚಹಾ ಕುಡಿಯುವಾಗ ಅದೇ ಸಮುದಾಯದ, ಕಾಪು ಕಡೆಯ ಹಿರಿಯರೊಬ್ಬರು ಸಿಕ್ಕಿದರು. ಅವರು ಒಳಗೆ ಬಂದೇ ಇರಲಿಲ್ಲ. “ನಮ್ಮ ಅಪ್ಪ ಡೋಲನ್ನು ಮೂಲೆಗಿಟ್ಟ ದಿನವೇ ನಮಗೆ ಹಬ್ಬ ಮಾರಾಯ್ರೆ” ಎಂದರು. ಅಂದಿನಿಂದ ನನ್ನ ಪಿಎಚ್‌.ಡಿ. ಪ್ರಬಂಧದ ಒಂದು ಅಧ್ಯಾಯ ಮುಂದಕ್ಕೇ ಹೋಗಿಲ್ಲ.

ಅವರ ಮಾತಿನ ಹಿಂದೆ ಇರುವುದು ಅಜಲು. ಮೇಲ್ಜಾತಿಯವರ ರೋಗ, ಕಂಟಕಗಳು ಕಳೆಯಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದ ಪದ್ಧತಿ ಅದು. ಕಂಬಳದ ಹಿಂದಿನ ರಾತ್ರಿ ಅವರು ಮಂಜಿನಲ್ಲಿ ಕೂತು ಡೋಲು ಬಾರಿಸಬೇಕಿತ್ತು. ಕೋಣಗಳು ಇಳಿಯುವ ಮುನ್ನ ಕೆಸರುಗದ್ದೆಯಲ್ಲಿ ಅವರನ್ನೇ ಕೋಣಗಳಂತೆ ಓಡಿಸುವುದೂ ಇತ್ತು. ಇವನ್ನೂ, ಕೂಲಿ ಕೊಡದೆ ಸೇವೆ ಮಾಡಿಸಿಕೊಳ್ಳುವುದನ್ನೂ ಅಪರಾಧವೆಂದು ಹೇಳಲು 2000ನೇ ಇಸವಿಯ ಕಾಯ್ದೆಯೇ ಬರಬೇಕಾಯಿತು. ನಾವು ‘ಜಾನಪದ’ ಎಂದು ಅಂಕ ಕೊಡುವ ಲಯ ಆ ಹಿರಿಯರಿಗೆ ಅಪ್ಪಣೆಯಾಗಿ ಕೇಳಿಸಿದರೆ ಅದರಲ್ಲಿ ಆಶ್ಚರ್ಯವೇನು?

ವಾದ್ಯ ಅದೇ, ಕೈಯೂ ಅದೇ ಜನರದು. ಹಾಗಿದ್ದರೆ ಕಲೆ ಯಾವಾಗ ಪ್ರತಿರೋಧ, ಯಾವಾಗ ಚಾಕರಿ? ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ‘ಚೋಮನ ದುಡಿ’ಯ ಹೆಸರು ಹೇಳುತ್ತೇವೆ. ಕೋಟದ ಶಿವರಾಮ ಕಾರಂತರ ಆ ಕಾದಂಬರಿ ಬಂದದ್ದು 1933ರಲ್ಲಿ. ಚೋಮನಿಗೆ ಸಾಕಿದ ಜೋಡಿ ಎತ್ತುಗಳಿವೆ, ಉಳಲು ಗದ್ದೆಯಿಲ್ಲ. ಅವನ ಸಿಟ್ಟು, ಸಂಕಟ ಎಲ್ಲವನ್ನೂ ದುಡಿ ನುಂಗುತ್ತದೆ. ಕೊನೆಗೆ ಬಾಗಿಲು ಮುಚ್ಚಿಕೊಂಡು ಅದನ್ನು ಬಾರಿಸುತ್ತಲೇ ಸಾಯುತ್ತಾನೆ. ಕಾದಂಬರಿ ಓದುಗರನ್ನು ಅಲುಗಾಡಿಸಿತು, ನಿಜ. ಆದರೆ ಕಥೆಯೊಳಗೆ ದುಡಿಯ ಸದ್ದಿಗೆ ಒಬ್ಬ ಧಣಿಯೂ ಅಲುಗಾಡುವುದಿಲ್ಲ. ಅಲುಗಾಡಿದ ಓದುಗರಲ್ಲಿ ಚೋಮನಂಥವರು ಎಷ್ಟು ಮಂದಿ ಇದ್ದರು? 1974ರ ಭೂಸುಧಾರಣೆ ಕಾಯ್ದೆ ಈ ಕರಾವಳಿಯಲ್ಲಿ ಸಾವಿರಾರು ಗೇಣಿದಾರರನ್ನು ಒಡೆಯರನ್ನಾಗಿಸಿತು. ಚೋಮ ಗೇಣಿದಾರನಲ್ಲ, ಆಳು. ಮರುವರ್ಷ ಬಿ.ವಿ. ಕಾರಂತರ ಸಿನಿಮಾ ಬಂತು, ಸ್ವರ್ಣಕಮಲವನ್ನೂ ಪಡೆಯಿತು. ಆಗಲೂ ಅವನ ಕೈಯಲ್ಲಿದ್ದದ್ದು ದುಡಿ ಮಾತ್ರ.

ಇದನ್ನೆಲ್ಲ ಕಲೆಯನ್ನು ಹಳಿಯಲು ಹೇಳುತ್ತಿಲ್ಲ. ಬಾರಿಸುವವನಿಗೆ ‘ಒಲ್ಲೆ’ ಎನ್ನುವ ದಾರಿ ಇದೆಯೇ ಎಂದು ಕೇಳದೆ ಅದಕ್ಕೆ ಪ್ರತಿರೋಧದ ಹೆಸರಿಡುವುದು ನಮ್ಮಂಥವರ ಅವಸರ ಎನಿಸುತ್ತದೆ. (ನನ್ನ ಸಾರಲೇಖದಲ್ಲಿ ‘ಪ್ರತಿರೋಧ’ ಹನ್ನೊಂದು ಸಲ ಬಂದಿದೆ. ಎಣಿಸಿದ್ದೇನೆ.)

ಕಾರ್ಕಳದಿಂದ ಬಂದಿದ್ದ ಆ ತಂಡದ ಹುಡುಗನೊಬ್ಬನನ್ನು ಆಮೇಲೆ ಮಾತಾಡಿಸಿದೆ. ಅವರಿಗೆ ಗೊತ್ತಾದ ಸಂಭಾವನೆ ಇದೆ, ಹೋಗದ ಜಾಗಗಳ ಪಟ್ಟಿಯೂ ಇದೆ: ಕಂಬಳದ ಗದ್ದೆ, ಸಾವಿನ ಮನೆ, ಮೆರವಣಿಗೆಯ ಮುಂದೆ. ಹಿರಿಯರ ಮಾತನ್ನು ತಿಳಿಸಿದಾಗ ಅವನು ವಾದಿಸಲಿಲ್ಲ. “ಅವರು ಹೇಳುವುದೂ ಸರಿಯೇ ಅಕ್ಕ. ನಮ್ಮ ಮನೆಯಲ್ಲೂ ದಿನಾ ಇದೇ ಜಗಳ” ಎಂದ.

ಆಗ ನೆನಪಾಯಿತು. ಅಂದು ಬೆಳಿಗ್ಗೆ ಅತಿಥಿಗಳನ್ನು ಗೇಟಿನಿಂದ ವೇದಿಕೆಯವರೆಗೆ ಡೋಲು ಬಾರಿಸುತ್ತ ಕರೆತರಬೇಕೆಂದು ಸಂಘಟಕರೊಬ್ಬರು ತಂಡವನ್ನು ಕೇಳಿದ್ದರು. ಹುಡುಗರು ಆಗುವುದಿಲ್ಲ ಎಂದರು. ಸಂಘಟಕರ ಮುಖ ಸಣ್ಣದಾಯಿತು. ಕೊನೆಗೆ ಸ್ಪೀಕರಿನಲ್ಲಿ ಯಾವುದೋ ಚೆಂಡೆಯ ರೆಕಾರ್ಡ್ ಹಾಕಿದರು. ಅತಿಥಿಗಳು ಅದಕ್ಕೇ ನಡೆದು ಬಂದರು. ಹುಡುಗರು ಡೋಲುಗಳನ್ನು ಮರದ ಕೆಳಗಿಟ್ಟು ತಿಂಡಿ ತಿನ್ನುತ್ತಿದ್ದರು. ಆಗ ಯಾರೂ ಚಪ್ಪಾಳೆ ತಟ್ಟಲಿಲ್ಲ, ನಾನೂ.