ನಕಲಾದ ಹಾಡೂ ಎಂಟನೆಯ ಆಜ್ಞೆಯೂ



ಕಾಳಮುದ್ದನದೊಡ್ಡಿಯೆಂದು ನಮ್ಮ ಹಿರಿಯರು ಕರೆಯುತ್ತಿದ್ದ ಭಾರತೀನಗರದ ಆಸುಪಾಸಿನಲ್ಲಿ ಮೊಬೈಲ್ ದುರಸ್ತಿಯ ಒಂದು ಚಿಕ್ಕ ಅಂಗಡಿಯುಂಟು. ನಮ್ಮ ಸಭೆಯ ಯೌವನಸ್ಥನೊಬ್ಬನು ಅಲ್ಲಿ ಸಂಬಳಕ್ಕಿದ್ದಾನೆ. ಹಳ್ಳಿಗಳಿಂದ ಬಂದವರು ಮೆಮೊರಿ ಕಾರ್ಡನ್ನು ಕೊಟ್ಟರೆ ಅವನು ಕಂಪ್ಯೂಟರಿನಿಂದ ಅದರೊಳಗೆ ಸಿನೆಮಾ ಹಾಡುಗಳನ್ನೂ ಭಕ್ತಿಗೀತೆಗಳನ್ನೂ ತುಂಬಿಸಿ, ಕೊಟ್ಟ ಹಣವನ್ನು ಯಜಮಾನನ ಪೆಟ್ಟಿಗೆಗೆ ಹಾಕುತ್ತಾನೆ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅವನು ನನ್ನ ಬಳಿಗೆ ಬಂದು, "ಅಯ್ಯನವರೇ, ನಾನು ಮಾಡುವದು ಕಳ್ಳತನವೋ? ಹಾಡಿನ ಒಡೆಯರು ದೂರು ಕೊಟ್ಟರೆ ಪೊಲೀಸರು ಹಿಡಿದುಕೊಂಡು ಹೋಗುವರಂತೆ. ನಾನು ಯಾರ ಮನೆಯಿಂದಲೂ ಏನನ್ನೂ ಹೊತ್ತು ತಂದಿಲ್ಲವಲ್ಲಾ" ಎಂದು ಕೇಳಿದನು.

ನಾನು ಒಡನೆ ಉತ್ತರ ಕೊಡಲಾರದೆ ಹೋದೆನು. ಏಕಂದರೆ ಹೋದ ಕ್ರಿಸ್‌ಮಸ್ಸಿನ ಕಾಲದಲ್ಲಿ ನಾನೇ ಅವನ ಕೈಗೆ ಸುವಾರ್ತಾ ಗೀತೆಗಳ ಒಂದು ಸಿ.ಡಿ.ಯನ್ನು ಕೊಟ್ಟು, ಮನೆಪ್ರಾರ್ಥನೆಗಳಲ್ಲಿ ಕೇಳಿಸುವದಕ್ಕಾಗಿ ೧೨ ಕಾರ್ಡುಗಳಿಗೆ ನಕಲು ಮಾಡಿಸಿದ್ದೆನು. ಸಿ.ಡಿ.ಯ ಹೊದಿಕೆಯ ಮೇಲೆ ಅಪ್ಪಣೆಯಿಲ್ಲದೆ ನಕಲು ಮಾಡಬಾರದೆಂದು ಅಚ್ಚಾಗಿತ್ತು. ಅದನ್ನು ನಾನು ಓದಿಯೂ ಇದ್ದೆನು. ಆದಕಾರಣ ಅವನ ಪ್ರಶ್ನೆಯು ಅವನನ್ನು ಹಿಡಿಯುವದಕ್ಕೆ ಮುಂಚೆ ನನ್ನನ್ನು ಹಿಡಿಯಿತು. ಆ ದಿನ ಕೊಡಲಾರದೆ ಹೋದ ಉತ್ತರವನ್ನು ಈಗ ಎಲ್ಲರ ಮುಂದೆ ಬರೆಯುತ್ತೇನೆ.

ಮೊದಲು ಸರಕಾರದ ಕಾನೂನು ಏನು ಹೇಳುತ್ತದೆಂಬದನ್ನು ತಿಳಿಯೋಣ. ೧೯೫೭ನೆಯ ಇಸವಿಯ ಕೃತಿಸ್ವಾಮ್ಯದ ಕಾನೂನು ಪದ ಬರೆದವನಿಗೂ, ರಾಗ ಕಟ್ಟಿದವನಿಗೂ, ಧ್ವನಿಮುದ್ರಣ ಮಾಡಿಸಿದವನಿಗೂ ತಂತಮ್ಮ ಕೆಲಸದ ಮೇಲೆ ಹಕ್ಕನ್ನು ಕೊಡುತ್ತದೆ. ಕ್ಯಾಸೆಟ್ಟುಗಳೂ ವೀಡಿಯೋಗಳೂ ದೇಶದಲ್ಲಿ ಹೆಚ್ಚಿ, ಕಳ್ಳಪ್ರತಿಗಳ ವ್ಯಾಪಾರ ಬೆಳೆದಾಗ ೧೯೮೪ರಲ್ಲಿ ಶಿಕ್ಷೆಯನ್ನು ಬಿಗಿಗೊಳಿಸಿದರು. ಅದರ ೬೩ನೆಯ ಕಲಮಿನ ಮೇರೆಗೆ, ಈ ಹಕ್ಕನ್ನು ತಿಳಿದು ಮೀರುವವನಿಗೆ ೬ ತಿಂಗಳಿಂದ ೩ ವರುಷಗಳ ವರೆಗೆ ಸೆರೆಮನೆಯೂ, ೫೦,೦೦೦ದಿಂದ ೨,೦೦,೦೦೦ ರೂಪಾಯಿಗಳ ವರೆಗೆ ದಂಡವೂ ಆಗುವದು. ವ್ಯಾಪಾರದ ಲಾಭಕ್ಕಾಗಿ ಮಾಡದಿದ್ದರೆ ನ್ಯಾಯಾಧಿಪತಿಯು ಕಾರಣವನ್ನು ಬರೆದು ಶಿಕ್ಷೆಯನ್ನು ಕಡಿಮೆ ಮಾಡಬಹುದು. ಎರಡನೆಯ ಸಾರಿ ಸಿಕ್ಕಿದವನಿಗೆ ೧ ವರುಷಕ್ಕೆ ಕಡಿಮೆಯಿಲ್ಲದ ಸೆರೆ. ೨೦೨೨ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಪ್ರಕಾರ, ಇದು ಪೊಲೀಸರು ವಾರಂಟಿಲ್ಲದೆ ದಸ್ತಗಿರಿ ಮಾಡಬಹುದಾದ, ಜಾಮೀನನ್ನು ಹಕ್ಕಿನಿಂದ ಕೇಳಲಾಗದ ಅಪರಾಧ. ಇನ್ನೊಂದು ಮಾತನ್ನು ಗಮನಿಸಿರಿ: ಆ ಕಲಮು ನಕಲು ಮಾಡಿದವನನ್ನು ಮಾತ್ರವಲ್ಲ, ಅದಕ್ಕೆ ಕುಮ್ಮಕ್ಕು ಕೊಟ್ಟವನನ್ನೂ ಅಪರಾಧಿಯೆಂದು ಎಣಿಸುತ್ತದೆ. ಕೀಲಿಯನ್ನು ಒತ್ತಿದ್ದು ಹುಡುಗನ ಬೆರಳು. ಒತ್ತೆಂದು ಹೇಳಿದ್ದು ಉಪದೇಶಕನ ಬಾಯಿ.

ಇದು ಬಡವರನ್ನು ಹೆದರಿಸುವ ಬರೀ ಕಾಗದದ ಮಾತೆಂದು ಯಾರೂ ತಿಳಿಯಬಾರದು. ೨೦೨೨ರ ಅಕ್ಟೋಬರಿನಲ್ಲಿ ಭಾರತ ಜೋಡೋ ಯಾತ್ರೆಯು ನಮ್ಮ ಜಿಲ್ಲೆಯ ಪಾಂಡವಪುರದ ಮಾರ್ಗವಾಗಿ ಹಾದುಹೋದದ್ದನ್ನು ಅನೇಕರು ಕಂಡಿದ್ದೀರಿ. ಆ ಯಾತ್ರೆಯ ವೀಡಿಯೋಗಳಲ್ಲಿ ಕೆ.ಜಿ.ಎಫ್. ಎರಡನೆಯ ಭಾಗದ ಸಂಗೀತವನ್ನು ಅಪ್ಪಣೆಯಿಲ್ಲದೆ ಬಳಸಿದರೆಂದು ಬೆಂಗಳೂರಿನ ಎಂ.ಆರ್.ಟಿ. ಮ್ಯೂಸಿಕ್ ಸಂಸ್ಥೆಯವರು ನವೆಂಬರಿನಲ್ಲಿ ಯಶವಂತಪುರದ ಠಾಣೆಗೆ ದೂರು ಕೊಟ್ಟರು. ರಾಹುಲ್ ಗಾಂಧಿ ಮುಂತಾದ ಕಾಂಗ್ರೆಸ್ ಮುಖಂಡರ ಮೇಲೆ ಮೊಕದ್ದಮೆ ದಾಖಲಾಯಿತು. ೨೦೨೩ರ ಜೂನ್ ತಿಂಗಳಲ್ಲಿ ಕರ್ನಾಟಕದ ಹೈಕೋರ್ಟು ಅದನ್ನು ರದ್ದು ಮಾಡಲು ಒಪ್ಪಲಿಲ್ಲ. ಆಪಾದನೆಯು ಅಪರಾಧವಲ್ಲ, ಅವರನ್ನು ತೀರ್ಪುಮಾಡುವದು ನಮ್ಮ ಕೆಲಸವೂ ಅಲ್ಲ. ಆದರೂ ದೊಡ್ಡವರನ್ನೇ ಠಾಣೆಯ ಪುಸ್ತಕದಲ್ಲಿ ಬರೆಯಿಸಿದ ಸಂಗತಿಯು ಅಂಗಡಿಯ ಹುಡುಗನನ್ನು ಬಿಟ್ಟೀತೆಂದು ನಂಬುವದು ಬುದ್ಧಿಯಲ್ಲ.

ಆದರೆ ಆ ಯೌವನಸ್ಥನು ನನ್ನನ್ನು ಕೇಳಿದ್ದು ಕಾನೂನನ್ನಲ್ಲ, ಪಾಪವನ್ನು. ನೆರೆಯವನ ಕೋಳಿಯನ್ನು ಕದ್ದರೆ ಅವನ ಗೂಡು ಬರಿದಾಗುತ್ತದೆ. ಹಾಡನ್ನು ನಕಲು ಮಾಡಿದರೆ ಒಡೆಯನ ಹಾಡು ಒಡೆಯನ ಹತ್ತಿರವೇ ಇರುತ್ತದೆ. ಹಾಗಾದರೆ ಕಳವಾದದ್ದು ಏನು? ಈ ವಾದವನ್ನು ನಾನೂ ಮನಸ್ಸಿನಲ್ಲಿ ಹೂಡಿಕೊಂಡಿದ್ದೆನು.

ಸಹೋದರರೇ, ನಮ್ಮ ಸೀಮೆಯ ಕಬ್ಬಿನ ಗದ್ದೆಯನ್ನು ನೆನಸಿರಿ. ಕೂಲಿಯವನು ದಿನವಿಡೀ ಕಬ್ಬು ಕಡಿದು ಕಟ್ಟುಕಟ್ಟಿ ಗಾಡಿಗೆ ತುಂಬಿದ ಮೇಲೆ ಒಡೆಯನು ಕೂಲಿ ಕೊಡದೆ ಕಳುಹಿಸಿಬಿಟ್ಟರೆ, ಅವನ ಕೈಯೂ ಕತ್ತಿಯೂ ಅವನ ಹತ್ತಿರವೇ ಇರುತ್ತವಷ್ಟೆ. ಅವನ ಮನೆಯಿಂದ ಯಾರೂ ಏನನ್ನೂ ಹೊತ್ತುಕೊಂಡು ಹೋಗಲಿಲ್ಲ. ಆದರೂ ಹಾಗೆ ತಡೆಹಿಡಿದ ಕೂಲಿಯೇ ದೇವರ ಕಿವಿಗೆ ಮುಟ್ಟುವಂತೆ ಕೂಗುತ್ತದೆಂದು ಅಪೊಸ್ತಲನಾದ ಯಾಕೋಬನು ತನ್ನ ಪತ್ರಿಕೆಯಲ್ಲಿ ಐಶ್ವರ್ಯವಂತರನ್ನು ಎಚ್ಚರಿಸುತ್ತಾನೆ. ಒಂದು ಹಾಡಿನ ಹಿಂದೆ ಪದ ಬರೆದವನೂ, ಹಾಡಿದವಳೂ, ಹಾರ್ಮೋನಿಯಂ ತಬಲಾಗಳನ್ನು ನುಡಿಸಿದವರೂ, ಮುದ್ರಣದ ಕೋಣೆಗೆ ಬಾಡಿಗೆ ತೆತ್ತವನೂ ಇದ್ದಾರೆ. ನಾವು ಕದಿಯುವದು ಹಾಡನ್ನಲ್ಲ, ಅವರ ಕೂಲಿಯನ್ನು. ಆ ಸಿ.ಡಿ.ಯನ್ನು ಮಾಡಿದವರೂ ನಮ್ಮಂಥ ಬಡ ವಿಶ್ವಾಸಿಗಳೇ ಆಗಿರಬಹುದೆಂದು ನಾನು ಎಣಿಸಲೇ ಇಲ್ಲ.

"ಸುವಾರ್ತೆಗಾಗಿ ಮಾಡಿದೆವಲ್ಲಾ" ಎಂದು ಒಬ್ಬನು ಹೇಳಬಹುದು. ಇದು ಹಳೆಯ ನೆವ. ಆರನೆಯ ಶತಮಾನದಲ್ಲಿ ಐರ್ಲೆಂಡ್ ದೇಶದ ಕೊಲಂಬನೆಂಬ ಭಕ್ತನು ತನ್ನ ಗುರುವಾದ ಫಿನ್ನಿಯನನ ಹತ್ತಿರವಿದ್ದ ಕೀರ್ತನೆಗಳ ಪುಸ್ತಕವನ್ನು ಅಪ್ಪಣೆಯಿಲ್ಲದೆ ಗುಟ್ಟಾಗಿ ನಕಲು ಮಾಡಿಕೊಂಡನೆಂದು ಪರಂಪರೆಯ ಕಥೆಯುಂಟು. ವ್ಯಾಜ್ಯವು ಅರಸನ ಮುಂದೆ ಬಂದಾಗ, ಹಸು ಯಾರದೋ ಕರುವೂ ಅವನದೇ. ಹಾಗೆಯೇ ಪುಸ್ತಕ ಯಾರದೋ ನಕಲೂ ಅವನದೇ ಎಂದು ಅವನು ತೀರ್ಪಿತ್ತನಂತೆ. ಕೊಲಂಬನು ಅದನ್ನು ಒಪ್ಪದೆ ಹೋದದ್ದರಿಂದ ಯುದ್ಧವೇ ನಡೆದು ಬಹು ಜನರು ಸತ್ತರೆಂದು ಹೇಳುತ್ತಾರೆ. ದೇವರ ಸ್ತೋತ್ರದ ನಕಲಿನಿಂದ ರಕ್ತವು ಸುರಿಯಿತು! ಹಸುವನ್ನು ಪಾಲಿಗೆ ಸಾಕುವ ಪದ್ಧತಿ ನಮ್ಮಲ್ಲಿಯೂ ಉಂಟು. ಮೊದಲೇ ಮಾತಾಗಿದ್ದರೆ ಸಾಕಿದವನು ತನ್ನ ಪಾಲಿನ ಕರುವನ್ನು ತಲೆಯೆತ್ತಿ ಹೊಡೆದುಕೊಂಡು ಹೋಗುತ್ತಾನೆ. ಮಾತಾಗದೆ ರಾತ್ರಿಯಲ್ಲಿ ಹಗ್ಗ ಬಿಚ್ಚಿದರೆ ಅದೇ ಕರು ಕಳವಿನ ಮಾಲು. ಭೇದವಿರುವದು ಕರುವಿನಲ್ಲಿ ಅಲ್ಲ, ಒಡೆಯನನ್ನು ಕೇಳಿದೆವೋ ಇಲ್ಲವೋ ಎಂಬದರಲ್ಲಿ.

ಅರಸನಾದ ದಾವೀದನು ಅರೌನನ ಕಣದಲ್ಲಿ ಯಜ್ಞವೇದಿಯನ್ನು ಕಟ್ಟಲು ಬಂದಾಗ, ಅರೌನನು ಕಣವನ್ನೂ ಎತ್ತುಗಳನ್ನೂ ಸೌದೆಯನ್ನೂ ಸುಮ್ಮನೆ ಕೊಡಲು ಸಿದ್ಧನಾಗಿದ್ದನು. ದಾವೀದನಾದರೋ ತನಗೆ ಏನೂ ವೆಚ್ಚವಾಗದ ಕಾಣಿಕೆಯನ್ನು ದೇವರಿಗೆ ಅರ್ಪಿಸಲೊಲ್ಲದೆ ೫೦ ಶೆಕೆಲ್ ಬೆಳ್ಳಿಯನ್ನು ತೆತ್ತು ಕೊಂಡುಕೊಂಡನು. ಕೊಡುತ್ತೇನೆಂದವನಿಗೇ ಬೆಲೆಯನ್ನು ಕೊಟ್ಟ ಆ ಅರಸನ ಮುಂದೆ, ಕೊಡಬಾರದೆಂದು ಬರೆದವನಿಂದಲೂ ತೆಗೆದುಕೊಂಡ ನಾನು ಹೇಗೆ ನಿಲ್ಲಲಿ? ನಾನು ದೇವರಿಗೆ ಅರ್ಪಿಸಿದ್ದು ಪರರ ಎತ್ತುಗಳನ್ನು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳದಿದ್ದರೆ ಸತ್ಯವು ಅರ್ಧವಾಗುವದು. ತಪ್ಪಿಗೆ ಅಳತೆಯುಂಟು, ಶಿಕ್ಷೆಗೂ ಅಳತೆಯಿರಬೇಕು. ೨೦೧೪ರಲ್ಲಿ ನಮ್ಮ ರಾಜ್ಯವು ಸಾಮಾನ್ಯವಾಗಿ ಗೂಂಡಾ ಕಾಯಿದೆಯೆಂದು ಕರೆಯಲ್ಪಡುವ ೧೯೮೫ರ ಕಾನೂನನ್ನು ತಿದ್ದಿ, ಹಾಡು ಚಲನಚಿತ್ರಗಳ ಕಳ್ಳಪ್ರತಿ ಮಾಡುವವರನ್ನೂ ಅದರ ಕೆಳಗೆ ತಂದಿತು. ಆ ಕಾನೂನಿನ ಮೇರೆಗೆ ವಿಚಾರಣೆ ಮುಗಿದು ತೀರ್ಪಾಗುವದಕ್ಕೆ ಮುಂಚೆಯೇ ಒಬ್ಬನನ್ನು ೧ ವರುಷದ ವರೆಗೆ ಬಂಧನದಲ್ಲಿ ಇಡಬಹುದು. ಸಾವಿರಾರು ಪ್ರತಿಗಳನ್ನು ಮಾರಿ ಮಹಡಿ ಕಟ್ಟಿದವನೂ, ದಿನಗೂಲಿಗಾಗಿ ಕಾರ್ಡು ತುಂಬಿದ ಹುಡುಗನೂ ಒಂದೇ ಹೆಸರಿನಿಂದ ಕರೆಯಲ್ಪಡುವದು ನ್ಯಾಯವೋ? ಮೋಶೆಯ ಧರ್ಮಶಾಸ್ತ್ರವು ಹೊಡೆತಗಳನ್ನು ೪೦ಕ್ಕೆ ನಿಲ್ಲಿಸಿತು. ಅದಕ್ಕೆ ಮೀರಿದರೆ ಶಿಕ್ಷೆ ಹೊಂದುವವನು ಸಹೋದರನಾಗಿ ಕಾಣದೆ ತುಚ್ಛನಾಗಿ ಕಂಡಾನೆಂಬದೇ ಕಾರಣ. ಕುರಿ ಕದ್ದವನನ್ನು ಅದು ಸೆರೆಗೆ ಹಾಕದೆ, ಒಂದಕ್ಕೆ ನಾಲ್ಕು ಕುರಿಗಳನ್ನು ಹಿಂದಕ್ಕೆ ಕೊಡಿಸಿತು. ಜಕ್ಕಾಯನು ಯೇಸುಸ್ವಾಮಿಯನ್ನು ಮನೆಗೆ ಸೇರಿಸಿಕೊಂಡ ದಿನ, ಯಾರೂ ಬಲವಂತ ಮಾಡದಿದ್ದರೂ ಅದೇ ಲೆಕ್ಕವನ್ನು ತನ್ನ ಮೇಲೆ ಹಾಕಿಕೊಂಡನು. ಸೆರೆಮನೆಯ ಭಯವು ಕೈಯನ್ನು ತಡೆಯಬಹುದು. ಹಿಂದಕ್ಕೆ ಕೊಡುವ ಮನಸ್ಸು ಕ್ರಿಸ್ತನ ಸನ್ನಿಧಿಯಿಂದ ಮಾತ್ರ ಬರುವದು.

ಆದಕಾರಣ ನಾನು ಆ ಗೀತೆಗಳನ್ನು ಮಾಡಿಸಿದವರಿಗೆ ಕ್ಷಮೆ ಕೇಳಿ ಪತ್ರ ಬರೆದು, ೧೨ ಪ್ರತಿಗಳ ಬೆಲೆಯನ್ನು ನನ್ನ ಸಂಬಳದಿಂದ ಕಳುಹಿಸಿದೆನು. ಇದನ್ನು ಬರೆಯುವ ದಿನದ ವರೆಗೆ ಉತ್ತರ ಬಂದಿಲ್ಲ. ಬಾರದಿದ್ದರೂ ಸಾಲ ತೀರಿಸುವದು ನನ್ನ ಕೆಲಸ. ಕ್ಷಮಿಸುವದು ಅವರ ಕೆಲಸ. ಆ ಕಾರ್ಡುಗಳನ್ನು ಮನೆಮನೆಗೆ ಹೋಗಿ ಹಿಂದಕ್ಕೆ ತೆಗೆದುಕೊಂಡೆನು.

ಸಭೆಯವರು ಭಯಪಡಬೇಕಾಗಿಲ್ಲ. ನಿಜವಾದ ದೈವಾರಾಧನೆಯಲ್ಲಿ ಹಾಡನ್ನು ಹಾಡುವದನ್ನೂ ಕೇಳಿಸುವದನ್ನೂ ಇದೇ ಕಾನೂನಿನ ೫೨ನೆಯ ಕಲಮು ಅಪರಾಧವೆಂದು ಎಣಿಸುವದಿಲ್ಲ. ಮದುವೆಯ ಮೆರವಣಿಗೆಗೂ ಸಂಭ್ರಮಕ್ಕೂ ಆ ವಿನಾಯಿತಿಯುಂಟು. ಬರೆದವನು ತೀರಿಹೋಗಿ ೬೦ ವರುಷಗಳು ಕಳೆದ ಹಳೆಯ ಕೀರ್ತನೆಯ ಪದಗಳು ಎಲ್ಲರ ಸೊತ್ತು. ಆದರೆ ಅದನ್ನೇ ಈಗಿನವರು ಹಾಡಿ ಮುದ್ರಿಸಿದ್ದರೆ ಆ ಮುದ್ರಣವು ಅವರದು. ಅದನ್ನು ಕಾರ್ಡಿಗೆ ತುಂಬಿ ಹಂಚುವದಕ್ಕೆ ಅಪ್ಪಣೆ ಬೇಕು. ಕೇಳಿದರೆ ಸಂತೋಷದಿಂದ ಕೊಡುವವರು ಅನೇಕರಿದ್ದಾರೆ.

ಆ ಯೌವನಸ್ಥನ ಮಾತು ಉಳಿಯಿತು. ನಾನು ಇದನ್ನೆಲ್ಲಾ ಹೇಳಿದಾಗ ಅವನು, "ಅಯ್ಯನವರೇ, ಒಲ್ಲೆನೆಂದರೆ ಯಜಮಾನನು ನನ್ನನ್ನು ಕಳುಹಿಸಿಬಿಡುವನು. ಆಮೇಲೆ ನನ್ನ ತಾಯಿಗೆ ಮುದ್ದೆ ಹಾಕುವವರು ಯಾರು?" ಎಂದನು. ಇದಕ್ಕೆ ವಾಕ್ಯವನ್ನು ಎತ್ತಿ ಹೇಳಿ ಸುಮ್ಮನಾಗುವದು ಸುಲಭ. ಆದರೆ ಪೌಲನು ಹಾಗೆ ಮಾಡಲಿಲ್ಲ. ಓಡಿಹೋದ ಒನೇಸಿಮನನ್ನು ಒಡೆಯನ ಬಳಿಗೆ ಹಿಂದಕ್ಕೆ ಕಳುಹಿಸುವಾಗ, ಅವನ ಸಾಲವೇನಾದರೂ ಇದ್ದರೆ ತನ್ನ ಲೆಕ್ಕಕ್ಕೆ ಹಾಕಬೇಕೆಂದು ಸ್ವಂತ ಕೈಯಿಂದ ಬರೆದುಕೊಟ್ಟನು. ಸಹೋದರರೇ, ಸರಿಯಾದ ದಾರಿಯಲ್ಲಿ ನಡೆ ಎಂದು ಒಬ್ಬನಿಗೆ ಹೇಳುವ ಸಭೆಯು, ಆ ದಾರಿಯಲ್ಲಿ ಅವನಿಗೆ ಆಗುವ ನಷ್ಟದಲ್ಲಿ ಪಾಲು ಹೊರಬೇಡವೋ? ಅವನು ಮೊಬೈಲ್ ದುರಸ್ತಿಯನ್ನು ಚೆನ್ನಾಗಿ ಬಲ್ಲನು. ಒಂದು ಮೇಜೂ ಕೆಲವು ಸಲಕರಣೆಗಳೂ ಸಿಕ್ಕಿದರೆ ತನ್ನ ಕಾಲ ಮೇಲೆ ನಿಲ್ಲಬಲ್ಲನು. ಬರುವ ಸುಗ್ಗಿಯ ಕಾಣಿಕೆಯಲ್ಲಿ ಇದಕ್ಕೊಂದು ಭಾಗವನ್ನು ಇಡಬೇಕೆಂದು ಹಿರಿಯರನ್ನು ಬೇಡಿಕೊಂಡಿದ್ದೇನೆ.

ಹಾಡಿದವರ ಕೂಲಿಯನ್ನು ತಡೆಹಿಡಿಯದ ಕೈಗಳನ್ನೂ, ಬಿದ್ದವನನ್ನು ತುಚ್ಛೀಕರಿಸದ ಕಣ್ಣುಗಳನ್ನೂ ಕರ್ತನು ನಮಗೆ ಅನುಗ್ರಹಿಸಲಿ. ಆಗ ನಮ್ಮ ಸ್ತೋತ್ರಗೀತೆಯು ನಿಜವಾಗಿ ನಮ್ಮದಾಗಿ ಆತನ ಸನ್ನಿಧಿಗೆ ಸೇರುವದು. ಆಮೆನ್.