ಜೆರುಸಲೇಮಿನ ಗೋಡೆ, ಗಜನಿಯ ಒಡ್ಡು



ಪವಿತ್ರ ಗ್ರಂಥದಲ್ಲಿ ನಾವು ಓದದೆ ಹಾರಿಸಿಬಿಡುವ ಅಧ್ಯಾಯಗಳು ಕೆಲವಿವೆ. ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯ ಅಂಥದ್ದು. ಬರೀ ಹೆಸರುಗಳ ಪಟ್ಟಿ. ಇಂಥವನ ಮಗ ಇಂಥವನು ಇಷ್ಟು ಗೋಡೆ ದುರಸ್ತಿ ಮಾಡಿದ, ಅವನ ಪಕ್ಕದಲ್ಲಿ ಮತ್ತೊಬ್ಬ. ಆದರೆ ತಾಳ್ಮೆಯಿಂದ ಓದಿ ನೋಡಿ. ಪ್ರಧಾನ ಯಾಜಕನೇ ಮೊದಲು ಕೈ ಹಾಕುತ್ತಾನೆ. ಅಕ್ಕಸಾಲಿಗರು, ಸುಗಂಧದ್ರವ್ಯ ಮಾಡುವವರು, ವರ್ತಕರು ಬರುತ್ತಾರೆ. ಶಲ್ಲೂಮನೆಂಬವನ ಜೊತೆ ಅವನ ಹೆಣ್ಣುಮಕ್ಕಳೂ ಕೆಲಸಕ್ಕೆ ನಿಲ್ಲುತ್ತಾರೆ. ಹಲವರು ತಂತಮ್ಮ ಮನೆಯ ಎದುರಿನ ಭಾಗವನ್ನೇ ಕಟ್ಟುತ್ತಾರೆ. ತೆಕೋವದ ಶ್ರೀಮಂತರು ಮಾತ್ರ ಹೆಗಲು ಕೊಡಲಿಲ್ಲ; ಅದನ್ನೂ ಗ್ರಂಥ ಮರೆಯದೆ ಬರೆದಿಟ್ಟಿದೆ! ಗೋಡೆ 52 ದಿನಗಳಲ್ಲಿ ಮುಗಿಯಿತು.

ಇದು ನೆನಪಾಗಲು ಕಾರಣ, ನಮ್ಮದೇ ಕರಾವಳಿಯ ಇನ್ನೊಂದು ಗೋಡೆ. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಬದಿಗೆ ಗಜನಿ ಗದ್ದೆಗಳಿವೆ. ಭರತ ಬಂದಾಗ ಉಪ್ಪುನೀರು ನುಗ್ಗುವ ತಗ್ಗು ನೆಲ. ಮಾಣಿಕಟ್ಟಾ ಮುಂತಾದ ಊರುಗಳ ರೈತರು ಇಲ್ಲಿ ಒಡ್ಡು ಕಟ್ಟಿ, ಅದಕ್ಕೆ ಹಲಗೆ ಬಾಗಿಲು ಇಟ್ಟು ಬೇಸಾಯ ಮಾಡುತ್ತಾ ಬಂದವರು. ಮಳೆಗಾಲದಲ್ಲಿ ಸಿಹಿನೀರು ನೆಲದ ಉಪ್ಪನ್ನು ತೊಳೆಯುತ್ತದೆ. ಆಗ ಕಗ್ಗ ಎಂಬ ಭತ್ತ ಬಿತ್ತುತ್ತಾರೆ. ಎತ್ತರಕ್ಕೆ ಬೆಳೆಯುವ ಈ ತಳಿ ಉಪ್ಪನ್ನೂ ನೆರೆಯನ್ನೂ ತಡೆದುಕೊಳ್ಳುತ್ತದೆ, ಗೊಬ್ಬರ ಕೇಳುವುದಿಲ್ಲ. ಕೊಯ್ಲು ಮುಗಿದ ಮೇಲೆ ಬಾಗಿಲು ತೆರೆದರೆ ಉಬ್ಬರದ ನೀರಿನೊಡನೆ ಸಿಗಡಿ, ಮೀನು ಒಳಗೆ ಬರುತ್ತವೆ. ಅದೇ ಗದ್ದೆಯಲ್ಲಿ ಅನ್ನ, ಅದೇ ಗದ್ದೆಯಲ್ಲಿ ಸಾರು.

ಆದರೆ ಒಡ್ಡಿನಲ್ಲಿ ಏಡಿ ಕೊರೆದ ಒಂದು ತೂತು ಸಾಕು, ಎಲ್ಲರ ಗದ್ದೆಗೂ ಉಪ್ಪುನೀರು. ಆದ್ದರಿಂದ ಇಲ್ಲಿ ಯಾರೂ ತನ್ನೊಬ್ಬನ ಗದ್ದೆಗೆ ಮಾತ್ರ ಯೋಜನೆ ಹಾಕಲಾರ. ಬಾಗಿಲು ಯಾವಾಗ ಮುಚ್ಚಬೇಕು, ಮಣ್ಣು ಯಾರು ಹಾಕಬೇಕು, ಎಲ್ಲವೂ ಕೂಡಿ ತೀರ್ಮಾನಿಸುವ ಮಾತು. ಒಂದು ಅಂಗಕ್ಕೆ ನೋವಾದರೆ ಎಲ್ಲ ಅಂಗಗಳಿಗೂ ನೋವು ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದದ್ದು ಗಜನಿಯ ರೈತನಿಗೆ ಬೇಗ ಅರ್ಥವಾಗುತ್ತದೆ.

ಈ ಕೂಡುಬಾಳ್ವೆ ಮುರಿದದ್ದೂ ಉಂಟು. ಸಿಗಡಿಗೆ ವಿದೇಶದಲ್ಲಿ ಒಳ್ಳೆಯ ಬೆಲೆ ಬಂದ ಕಾಲದಲ್ಲಿ ಎಷ್ಟೋ ಗದ್ದೆಗಳು ಸಿಗಡಿ ಕೊಳಗಳಾದವು. ಗದ್ದೆಯ ಒಡೆಯನಿಗೆ ಗೇಣಿ ಬಂತು. ಕೊಯ್ಲಿನ ಕೂಲಿಯನ್ನೇ ನಂಬಿದ್ದವರಿಗೆ ಏನು ಬಂತು? 1994-95ರ ಹೊತ್ತಿಗೆ ಬಿಳಿ ಚುಕ್ಕೆ ರೋಗ ಭಾರತದ ಸಿಗಡಿ ಕೃಷಿಯನ್ನು ಹಿಡಿಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಸಿಗಡಿ ಕೊಳಗಳ ಮೇಲೆ ಕಟ್ಟುನಿಟ್ಟಿನ ತೀರ್ಪು ಕೊಟ್ಟಿತು. ಬಿಟ್ಟುಹೋದ ಗದ್ದೆಗೆ ಕಗ್ಗವನ್ನು ಮತ್ತೆ ತರುವುದು ಸುಲಭವಲ್ಲ. ಬೀಜ ಬೇಕು, ಅದಕ್ಕಿಂತ ಹೆಚ್ಚಾಗಿ ಕೂಡಿ ಬರುವ ಜನ ಬೇಕು. ನೆಹೆಮೀಯನಿಗೂ ಇದೇ ಕಷ್ಟ ಎದುರಾಯಿತು. ಗೋಡೆಯ ಕೆಲಸದ ನಡುವೆಯೇ ಬಡವರು ಬಂದು, ಹೊಲಮನೆ ಒತ್ತೆ ಇಟ್ಟಿದ್ದೇವೆ ಎಂದು ಗೋಳಿಟ್ಟರು. ಅವನು ಗೋಡೆ ಮೊದಲಾಗಲಿ, ಆಮೇಲೆ ನೋಡೋಣ ಎನ್ನಲಿಲ್ಲ. ಸಭೆ ಕರೆದು ಸಿರಿವಂತರ ಮುಖಕ್ಕೇ ಹೇಳಿದ (ಐದನೆಯ ಅಧ್ಯಾಯವನ್ನು ಮನೆಯಲ್ಲಿ ಓದಿ).

ಇನ್ನು ಘಟ್ಟದ ಮೇಲಿನ ಮಾತು. ಗಜನಿಯ ಉಪ್ಪನ್ನು ತೊಳೆಯುವ ನೀರು ಶಿರಸಿಯ ಕಾಡಿನಿಂದ ಬರುತ್ತದೆ. ದೊಡ್ಡ ಅಣೆಕಟ್ಟಿಲ್ಲದೆ ಹರಿಯುವ ಕೆಲವೇ ನದಿಗಳಲ್ಲಿ ಅಘನಾಶಿನಿಯೂ ಒಂದು. ಮೇಲೆ ಕಾಡು ಬೋಳಾದರೆ ಕೆಳಗೆ ಹೂಳು. ಮೇಲೆ ನೀರು ತಿರುಗಿಸಿದರೆ ಕೆಳಗೆ ಉಪ್ಪು. ಈ ನೀರನ್ನು ವೇದಾವತಿಗೆ ಒಯ್ಯುವ ಪ್ರಸ್ತಾಪಕ್ಕೆ 2025ರಲ್ಲಿ ಜಿಲ್ಲೆಯಲ್ಲಿ ವಿರೋಧ ಕೇಳಿಬಂತು. ಬಯಲುಸೀಮೆಯವರ ಬಾಯಾರಿಕೆಯೂ ಸುಳ್ಳಲ್ಲ ಎಂಬುದನ್ನು ಕರಾವಳಿಯ ಕ್ರೈಸ್ತರು ಮರೆಯಬಾರದು. ಆದರೆ ಅಳಿವೆಯಲ್ಲಿ ಬಳಚು ಆರಿಸಿ ಸಂಸಾರ ಸಾಗಿಸುವ ತಾಯಂದಿರನ್ನು ಯಾರಾದರೂ ಕೇಳಿದರೇ? ಈ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದಾಗ, ಆರು ಸಾವಿರಕ್ಕೂ ಮಿಕ್ಕಿ ಕುಟುಂಬಗಳು ಇದನ್ನು ನಂಬಿವೆ ಎಂದು ದಾಖಲಾಯಿತು. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ, ಇಂಥ ಚರ್ಚೆಗಳಲ್ಲಿ ಸ್ಥಳೀಯ ಜನರಿಗೆ ವಿಶೇಷ ಸ್ಥಾನವಿರಬೇಕೆಂದು ಸ್ಪಷ್ಟವಾಗಿ ಬರೆದರು.

ನಾವೇನು ಮಾಡಬಹುದು? ನೆಹೆಮೀಯ ಮಾತಾಡುವ ಮೊದಲು ರಾತ್ರಿ ಹೊತ್ತು ಕೆಲವರೊಡನೆ ಹೋಗಿ ಕುಸಿದ ಗೋಡೆಯನ್ನು ಸುತ್ತಿ ನೋಡಿದ. ನೀವೂ ಮಳೆಗಾಲಕ್ಕೆ ಮೊದಲು ಒಂದು ಭಾನುವಾರ ಪೂಜೆ ಮುಗಿಸಿ, ಮಕ್ಕಳನ್ನು ಕರೆದುಕೊಂಡು, ನಿಮ್ಮೂರ ಹಳ್ಳದ ಗುಂಟ ಸಮುದ್ರದವರೆಗೆ ನಡೆಯಿರಿ. ಜೊತೆಗೆ ಬಲೆ ಬೀಸುವ ಒಬ್ಬರಿರಲಿ, ಬಳಚು ಆರಿಸುವ ಒಬ್ಬ ಹೆಂಗಸು ಇರಲಿ. ಅವರು ಯಾವ ಧರ್ಮದವರಾದರೂ ಸರಿ. ಒಡ್ಡು ಎಲ್ಲಿ ಕುಸಿದಿದೆ, ಕಾಂಡ್ಲಾ ಗಿಡ ಎಲ್ಲಿ ಕಡಿದಿದ್ದಾರೆ, ಚರ್ಚಿನ ಹಬ್ಬದ ಪ್ಲಾಸ್ಟಿಕ್ ಲೋಟ ಎಲ್ಲಿ ಸಿಕ್ಕಿಕೊಂಡಿದೆ, ಎಲ್ಲವನ್ನೂ ಬರೆದುಕೊಳ್ಳಿ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿಯಲ್ಲೂ ಒಂದು ಸಮಿತಿ ಇರಬೇಕು. ನಿಮ್ಮಲ್ಲಿ ಅದು ಯಾರ್‍ಯಾರ ಸಮಿತಿ ಎಂದು ವಿಚಾರಿಸಿ. ಮುಂದಿನ ಗ್ರಾಮಸಭೆಗೆ ಆ ಚೀಟಿಯನ್ನು ಹಿಡಿದುಕೊಂಡು ಹೋಗಿ, ಗಂಡಸರಷ್ಟೇ ಅಲ್ಲ, ಹೆಂಗಸರೂ ಹೋಗಿ.