ಕೆಸರಿನ ಮನೆಯಲ್ಲಿ ದಾಸೋಹ

ಕೊಡುವುದು ಕಷ್ಟವಲ್ಲ, ಕೊಟ್ಟೆನೆಂಬುದನ್ನು ಮರೆಯುವುದು ಕಷ್ಟ. ದಾನ ಬೇರೆ, ದಾಸೋಹ ಬೇರೆ ಎಂದು ಶರಣಧರ್ಮವು ವಿಂಗಡಿಸಿದುದು ಇದಕ್ಕಾಗಿಯೇ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಮಾಡುವವನು ದಾಸ, ಸ್ವೀಕರಿಸುವವನೇ ಒಡೆಯ. ಈ ಮಾತನ್ನು ಆಡುವವರು ಬಹುಮಂದಿ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಇದನ್ನು ನಡೆಸಬೇಕಾದಾಗ ಏನಾಗುವುದೆಂಬುದಕ್ಕೆ ದೂರದ ದೇಶದ, ಅನ್ಯಮತದವರ ಒಂದು ನಿದರ್ಶನವುಂಟು.

೨೦೦೫ನೆಯ ಇಸವಿ ಆಗಸ್ಟ್ ೨೯ರಂದು ಕತ್ರೀನಾ ಎಂಬ ಚಂಡಮಾರುತವು ಅಮೆರಿಕದ ಲೂಯಿಸಿಯಾನ, ಮಿಸಿಸಿಪಿ ರಾಜ್ಯಗಳ ಕಡಲ ತೀರವನ್ನು ಅಪ್ಪಳಿಸಿತು. ನ್ಯೂ ಆರ್ಲಿಯನ್ಸ್ ನಗರದ ಸುಮಾರು ಅರ್ಧಭಾಗ ಸಮುದ್ರಮಟ್ಟಕ್ಕಿಂತಲೂ ತಗ್ಗಿನಲ್ಲಿದೆ. ನೀರನ್ನು ತಡೆಯಲೆಂದು ಕಟ್ಟಿದ ಒಡ್ಡುಗಳೂ ಗೋಡೆಗಳೂ ಒಡೆದು ನಗರದ ನೂರಕ್ಕೆ ಎಂಬತ್ತು ಪಾಲು ಮುಳುಗಿತು. ನೀರು ವಾರಗಟ್ಟಲೆ ನಿಂತಿತು. ಸಾವಿರಕ್ಕೂ ಮಿಕ್ಕಿ ಜನರು ಮಡಿದರು. ಗಾಳಿಯು ಬಡವ ಬಲ್ಲಿದರೆಂದು ಭೇದವೆಣಿಸಲಿಲ್ಲ, ನಿಜ. ಆದರೆ ವಾಹನವುಳ್ಳವರು ಮುಂಚೆಯೇ ಊರು ಬಿಟ್ಟಿದ್ದರು. ಉಳಿದವರಲ್ಲಿ ಹೆಚ್ಚಿನವರು ಬಡವರು, ವೃದ್ಧರು, ರೋಗಿಗಳು.

ಅನಂತರ ಅಲ್ಲಿಗೆ ಬಂದ ಸೇವಾತಂಡಗಳಲ್ಲಿ ಮೆನ್ನೊನೈಟ್ ಎಂಬ ಕ್ರೈಸ್ತ ಪಂಥದವರದೂ ಒಂದು. ಹದಿನಾರನೆಯ ಶತಮಾನದಲ್ಲಿ ಯುರೋಪಿನಲ್ಲಿ ಹುಟ್ಟಿ, ಮೆನ್ನೊ ಸೈಮನ್ಸ್ ಎಂಬ ಡಚ್ ಗುರುವಿನಿಂದ ಹೆಸರು ಪಡೆದ ಈ ಪಂಥವು ಶಸ್ತ್ರ ಹಿಡಿಯಬಾರದೆಂದು ಬೋಧಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅದರ ತರುಣರು ಅನೇಕರು ಸೈನ್ಯಕ್ಕೆ ಸೇರಲೊಲ್ಲದೆ, ಬದಲಾಗಿ ಕಾಡುಗಿಚ್ಚು ಆರಿಸಲು, ಮಾನಸಿಕ ರೋಗಿಗಳ ಶುಶ್ರೂಷೆ ಮಾಡಲು ನಿಂತರು. ಕೊಲ್ಲಲೊಲ್ಲೆನೆನ್ನುವೆಯಲ್ಲ, ಹಾಗಾದರೆ ಲೋಕಕ್ಕಾಗಿ ನೀನು ಮಾಡುವುದೇನು? ಈ ಪ್ರಶ್ನೆ ಅವರನ್ನು ಯುದ್ಧ ಮುಗಿದ ಮೇಲೂ ಬಿಡಲಿಲ್ಲ. ೧೯೫೦ರಲ್ಲಿ ಕ್ಯಾನ್ಸಾಸ್ ರಾಜ್ಯದ ಹೆಸ್ಟನ್ ಎಂಬ ಊರಿನಲ್ಲಿ ಮೊಳೆತ ‘ಮೆನ್ನೊನೈಟ್ ಡಿಸಾಸ್ಟರ್ ಸರ್ವಿಸ್’ ಸಂಸ್ಥೆಯಲ್ಲಿ ಅದಕ್ಕೊಂದು ಉತ್ತರವನ್ನು ಕಾಣಬಹುದು. ಬಡಗಿಗಳು, ರೈತರು, ಉಪಾಧ್ಯಾಯರು, ವಿಶ್ರಾಂತ ಜೀವಿಗಳು ತಮ್ಮ ಕೆಲಸ ಬಿಟ್ಟು ಬಂದು, ಒಂದೆಡೆ ಉಂಡು ಮಲಗಿ, ಸಂಬಳವಿಲ್ಲದೆ ದುಡಿಯುತ್ತಾರೆ. ಆ ಪಂಥಕ್ಕೆ ಸೇರದವರಿಗೂ ತಂಡದಲ್ಲಿ ಎಡೆಯುಂಟು.

ನೆರೆ ಹೊಕ್ಕ ಮನೆಯನ್ನು ಶುದ್ಧಗೊಳಿಸುವುದು ಬರಿಯ ಸಲಿಕೆಯ ಕೆಲಸವೆಂದು ತಿಳಿಯಬಾರದು. ಅಲ್ಲಿಯ ಮನೆಗಳು ಬಹುಮಟ್ಟಿಗೆ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದು ಕಟ್ಟಿದವು. ಹಲಗೆ ನೀರನ್ನು ಹೀರುತ್ತದೆ. ನೀರು ಮುಟ್ಟಿದ ಗೆರೆಯನ್ನೂ ದಾಟಿ ಬೂಷ್ಟು ಮೇಲಕ್ಕೇರುತ್ತದೆ. ಆದುದರಿಂದ ಹಲಗೆಯನ್ನು ಕಿತ್ತು, ಒಳಗಿನ ಒದ್ದೆ ನಾರನ್ನು ಎಳೆದು, ಮೊಳೆಗಳನ್ನು ಒಂದೊಂದಾಗಿ ತೆಗೆದು, ಬರಿಯ ಕಂಬಗಳು ಕಾಣುವ ತನಕ ಮನೆಯನ್ನು ಬಿಚ್ಚಬೇಕು. ಅವು ಒಣಗಿದ ಬಳಿಕವಷ್ಟೇ ಮರಳಿ ಕಟ್ಟುವ ಮಾತು. ಸೆಖೆಯಲ್ಲಿ ಮೂಗು ಬಾಯಿಗಳಿಗೆ ಮುಸುಕು ಕಟ್ಟಿಕೊಂಡೇ ಇದೆಲ್ಲ ನಡೆಯಬೇಕು. ವಾರಗಟ್ಟಲೆ ಕೊಳೆತ ಆಹಾರವುಳ್ಳ ಶೀತಕ ಪೆಟ್ಟಿಗೆಯನ್ನಂತೂ ಬಾಗಿಲು ತೆರೆಯದೆ ಪಟ್ಟಿ ಸುತ್ತಿಯೇ ಹೊರಗೆ ಸಾಗಿಸುವುದು. ಕುತೂಹಲದಿಂದ ತೆರೆದವನು ಎರಡನೆಯ ಸಲ ತೆರೆಯನು.

ಇಷ್ಟು ಮೈಯ ಕಷ್ಟ. ಮನಸ್ಸಿನ ಪರೀಕ್ಷೆ ಬೇರೆಯೇ ಇದೆ. ಹೊಸದಾಗಿ ಬಂದ ಸೇವಕನ ಕಣ್ಣಿಗೆ ಆ ಮನೆಯಲ್ಲಿರುವುದೆಲ್ಲ ಕಸ. ಮನೆಯೊಡತಿಗೆ ಅದು ಮದುವೆಯ ಭಾವಚಿತ್ರ, ತಾಯಿಯ ಕಾಲದ ತಟ್ಟೆ, ಮಗುವಿನ ಪಾದರಕ್ಷೆ. ಸಂಜೆಯೊಳಗೆ ಮುಗಿಸಬೇಕೆಂಬ ಹುರುಪಿನಲ್ಲಿ ಅವನು ಎಲ್ಲವನ್ನೂ ಬೀದಿಗೆ ಎಸೆದನಾದರೆ, ಚಂಡಮಾರುತವು ಬಿಟ್ಟುಹೋದುದನ್ನು ಸೇವೆಯು ಕಸಿದುಕೊಂಡಂತಾಯಿತು. ನಾನು ಇಷ್ಟು ದೂರದಿಂದ ಬಂದೆನಲ್ಲಾ ಎಂಬ ಭಾವವೊಂದು ಎದೆಯಲ್ಲಿ ಕುಳಿತರೆ, ಇವಳನ್ನು ಕೇಳುವುದೇನು ಎಂಬ ಭಾವ ಅದರ ಬೆನ್ನಿಗೇ ಬರುತ್ತದೆ. ಅನುಭವವುಳ್ಳವರು ಸಲಿಕೆಯನ್ನು ಕೆಳಗಿಟ್ಟು ಕೇಳುತ್ತಾರೆ. ಆಕೆ ಮಾತನಾಡತೊಡಗಿದರೆ ಕೆಲಸ ನಿಲ್ಲುತ್ತದೆ. ಆ ಹೊತ್ತಿಗೆ ಅದನ್ನು ಕೇಳುವುದೇ ಕೆಲಸ.

ಇವರು ಸೇವೆಯ ನೆಪದಲ್ಲಿ ತಮ್ಮ ಮತಕ್ಕೆ ಜನರನ್ನು ಸೆಳೆಯುವುದಿಲ್ಲವೇ ಎಂಬ ಶಂಕೆ ಸದ್ಭಕ್ತರಲ್ಲಿ ಏಳುವುದು ಸಹಜ. ಶಂಕೆ ತಪ್ಪಲ್ಲ, ಎಲ್ಲ ಮತಗಳಲ್ಲಿಯೂ ಅನ್ನವನ್ನು ಗಾಳವಾಗಿಸಿದವರುಂಟು. ಈ ಸಂಸ್ಥೆಯಾದರೋ ಮನೆಗಳನ್ನು ಆರಿಸುವಾಗ ಮತವನ್ನು ನೋಡದೆ, ತಾವಾಗಿ ಕಟ್ಟಿಕೊಳ್ಳಲಾರದ ವೃದ್ಧರು, ಅಂಗವಿಕಲರು, ಒಂಟಿ ತಾಯಂದಿರು ಮುಂತಾದವರನ್ನು ನೋಡುತ್ತದೆ. ಅವರು ತಮ್ಮ ಪ್ರಾರ್ಥನೆಯನ್ನು ಬಚ್ಚಿಡುವುದಿಲ್ಲ. ಮನೆ ಸಿದ್ಧವಾದಾಗ ಹಾಡಿ ಪ್ರಾರ್ಥಿಸಿಯೇ ಒಪ್ಪಿಸುತ್ತಾರೆ. ಪ್ರಾರ್ಥನೆಗೆ ಬಾರದವನ ಸೂರಿಗೂ ಅಷ್ಟೇ ಮೊಳೆ ಹೊಡೆದರೋ ಇಲ್ಲವೋ ಎಂಬುದನ್ನು ನೋಡಬೇಕು. ಮನೆಯ ಬಾಗಿಲಿಗೆ ಬಂದವನಿಗೆ ಅನ್ನವಿಕ್ಕುವ ಮುನ್ನ ಅವನು ಯಾರವನೆಂದು ವಿಚಾರಿಸುವ ಗೃಹಸ್ಥನನ್ನೂ ಇದೇ ಒರೆಗೆ ಹಚ್ಚಬೇಕಾಗುತ್ತದೆ.

ಇನ್ನು, ತೆಗೆದುಕೊಳ್ಳುವವರ ಸಂಕಟ. ಜೀವಮಾನವೆಲ್ಲ ದುಡಿದುಂಡವರಿಗೆ ಅಪರಿಚಿತರ ಎದುರು ಕೈಕಟ್ಟಿ ನಿಲ್ಲುವುದು ನೆರೆಗಿಂತ ದೊಡ್ಡ ದುಃಖ. ನ್ಯೂ ಆರ್ಲಿಯನ್ಸಿನಲ್ಲಿ ಸೋಮವಾರ ಕೆಂಪು ಕಾಳು ಬೇಯಿಸಿ ಅನ್ನದೊಡನೆ ಬಡಿಸುವ ಹಳೆಯ ರೂಢಿಯುಂಟು. ಹಿಂದೆ ಅದು ಬಟ್ಟೆ ಒಗೆಯುವ ದಿನವಾಗಿದ್ದು, ಕಾಳು ತಾನೇ ಒಲೆಯ ಮೇಲೆ ಬೇಯುತ್ತಿತ್ತಂತೆ. ಇಂತಹ ಮನೆಯವರು ಕೆಲಸದವರಿಗೆ ಏನಾದರೂ ಬೇಯಿಸಿ ತಂದಾಗ, ನಮ್ಮ ಬುತ್ತಿ ನಮಗಿದೆ, ನಿಮಗೇಕೆ ತೊಂದರೆ ಎನ್ನುವುದು ಸೌಜನ್ಯದಂತೆ ಕಾಣುತ್ತದೆ. ಬಲ್ಲವರು ಹಾಗೆನ್ನರು. ಕೈಚೀಲ ಕಳಚಿ, ಕೆಸರು ತೊಳೆದು, ಗೋಡೆಯಿಲ್ಲದ ಆ ಮನೆಯ ಕಂಬಗಳ ನಡುವೆ ಕುಳಿತು, ಆಕೆ ಬಡಿಸಿದುದನ್ನು ಉಣ್ಣುತ್ತಾರೆ. ಸಾಲದಾದರೆ ಇನ್ನಷ್ಟು ಕೇಳುತ್ತಾರೆ.